ಐಸ್ ಪ್ಲಾಂಟಿನಲ್ಲಿ ಓದಿದ್ದು

ಒಂದು ಕೋಟಿಗೆ ಒಂದೂವರೆ ಪುಟ ಬರೆದಿದ್ದಾನೆ ಪುಣ್ಯಾತ್ಮ.
ದುಡ್ಡಿನ ಕೋಟಿಯಲ್ಲ, ಮೈಗೆ ಹಾಕುವ ಕೋಟು.
ಐದು ಗುಂಡಿ, ಐದೂ ಬೇರೆ ಬೇರೆ ಸತ್ತವರ ಅಂಗಿಯದ್ದು.
ಒಳಜೇಬಿನಲ್ಲಿ ಅರ್ಧ ಈರುಳ್ಳಿ,
ಕಾಲರಿನ ತುಪ್ಪಳಕ್ಕೆ ಮುದಿಬೆಕ್ಕಿನ ಸಿಟ್ಟು,
ಬೆನ್ನಿಗೆ ಮೂರು ಚಳಿಗಾಲ ಒರಗಿ ನಿಂತ ಗೋಡೆಯ ಸುಣ್ಣ.
ಕೋಟಿನೊಳಗಿನ ಮನುಷ್ಯ ಇನ್ನೂ ಬಂದಿಲ್ಲ.
ನನಗೂ ಅವಸರವಿಲ್ಲ.

ಮಂಗಳೂರು ಬಂದರಿನ ಧಕ್ಕೆಯಲ್ಲಿ
ರಾತ್ರಿಪಾಳಿಯ ಲೆಕ್ಕ ನನ್ನದು.
ಗಡ್ಡೆಗೊಂದು ಗೀಟು, ಐದನೆಯದು ಅಡ್ಡಗೀಟು,
ಬೋಟಿನ ನಂಬರು, ಸಹಿ: ವಾರಿಜಾ ಕರ್ಕೇರ.
ಈ ಊರಲ್ಲಿ ಕೋಟು ಹಾಕುವವರು ವಕೀಲರು, ಮತ್ತೆ ಮದುಮಗ.
ಇಬ್ಬರೂ ಬೆವರುತ್ತಾರೆ.
ಹಿಮ ಎಂದರೆ ನನಗೆ ಅಮೋನಿಯದ ಘಾಟು,
ಡಬ್ಬದಿಂದ ಕಳಚಿ ದಡಾರನೆ ಬೀಳುವ ಐವತ್ತು ಕಿಲೋ.
ಅವನ ಪುಸ್ತಕದಲ್ಲೋ ಅದು ಸದ್ದೇ ಮಾಡುವುದಿಲ್ಲ,
ಜಗಳವಾದ ರಾತ್ರಿ ಹೆಂಡತಿ ಅನ್ನ ಬಡಿಸಿದ ಹಾಗೆ ಬೀಳುತ್ತದೆ.
ಇದನ್ನು ಓದಿ ಗೀಟು ಹಾಕಲು ಮರೆತೆ.
ಆ ದಿನ ಯಾವುದೋ ಬೋಟಿಗೆ ಎರಡು ಗಡ್ಡೆ ಧರ್ಮಕ್ಕೆ ಹೋಯಿತು.

ಹಂಪನಕಟ್ಟೆಯ ಲಿಗೋರಿ ನಲವತ್ತು ರೂಪಾಯಿಗೆ ಕೊಟ್ಟ ಪುಸ್ತಕ.
"ಕಡೆಯ ನಾಲ್ಕು ಹಾಳೆ ಇಲ್ಲ ಮಾರಾಯ್ತಿ, ಕತೆ ಪೂರ್ತಿ ಉಂಟು."
ಹೋದದ್ದು ಅರ್ಥದ ಪಟ್ಟಿ ಎಂದು ತಿಳಿದದ್ದು
ಮೂರನೇ ಪುಟದಲ್ಲಿ, ತ್ಸೂರಿಸ್ ಎಂಬ ಪದ
ದಾರಿಗಡ್ಡ ಬಂದು ನಿಂತಾಗ.
ಯಿಡ್ಡಿಷ್ ಅಂತೆ. ಕೇಳಲು ಜರ್ಮನಿನ ಹಾಗೆ,
ಬರೆಯಲು ಹೀಬ್ರೂವಿನ ಅಕ್ಷರ.
ಅದರಲ್ಲಿ ಎಂತ ಸೋಜಿಗ?
ತುಳುವಿನಲ್ಲಿ ಬೈದು ಕನ್ನಡದಲ್ಲಿ ರಶೀದಿ ಬರೆಯುವವಳು ನಾನು.
ಲಿಗೋರಿಯ ಕೊಂಕಣಿ ಪ್ರಾರ್ಥನೆಗೂ ಅದೇ ಅಕ್ಷರ,
ಹಮ್ಮಬ್ಬನ ಬ್ಯಾರಿಗೂ ಅದೇ ಎರವಲು ಅಂಗಿ.

ಫೋನು ತೆಗೆದರೆ ಅರ್ಥ ಸಿಗುತ್ತಿತ್ತು. ತೆಗೆಯಲಿಲ್ಲ.
ಬೂತಾಯಿಯನ್ನು ಮುಳ್ಳು ಸಮೇತ ಬಾಯಿಗಿಟ್ಟು
ನಾಲಿಗೆಯಲ್ಲೇ ಬಿಡಿಸುವವರು ನಾವು.
ತ್ಸೂರಿಸ್ ಬಂದಾಗಲೆಲ್ಲ ಮುದುಕಿ ಹಣೆ ಒತ್ತಿಕೊಳ್ಳುತ್ತಾಳೆ:
ಹಾಗಾದರೆ ಮಂಡೆಬೆಚ್ಚ.
ಕ್ವೆಚ್ ಎಂದರೆ ಪರಂಚುವುದು, ಅನುಮಾನವೇ ಇಲ್ಲ,
ಎಣ್ಣೆ ಕಾಣದ ಬಾಗಿಲಿನ ಸದ್ದು ಅದರಲ್ಲೇ ಉಂಟು.
ಶ್ಮಾಟೆ ಮಸಿಬಟ್ಟೆಯೋ, ಸೀರೆಯೋ?
ಸೊಸೆ ನೋಡಿದರೆ ಅದು, ಅತ್ತೆ ನೋಡಿದರೆ ಇದು.
ಫರ್‌ಬ್ಲಾಂಜೆಟ್ ಮಾತ್ರ ಇನ್ನೂ ಬಗೆಹರಿದಿಲ್ಲ.
ಹೇಳಲು ಹೊರಟರೆ ನಡುವೆಯೇ ದಾರಿ ತಪ್ಪುತ್ತೇನೆ.

ಶ್ಲೆಪ್ ಸಿಕ್ಕಿದ್ದು ಹೀಗೆ. ಕತೆಯಲ್ಲಿ ಒಬ್ಬ
ಸತ್ತ ಮಾವನ ಹೊಲಿಗೆ ಮಿಷನನ್ನು ನಾಲ್ಕು ಮಹಡಿ ಮೇಲಕ್ಕೆ...
ಅಷ್ಟರಲ್ಲಿ ಕಿಟಕಿಯಾಚೆ ಹಮ್ಮಬ್ಬ
ಕೊಕ್ಕೆ ಚುಚ್ಚಿ ಗಡ್ಡೆ ಎಳೆದ.
ಒದ್ದೆ ಸಿಮೆಂಟು ಅಂದದ್ದೂ ಅದನ್ನೇ.
ನಾನು ಗಟ್ಟಿಯಾಗಿ ಓದಿಬಿಟ್ಟೆ.
"ಎಂತ ಅಕ್ಕ ಅದು?"
"ನೀನು ಮಾಡುವ ಕೆಲಸ."
ಮರುದಿನದಿಂದ ಕ್ರಷರಿನ ಹುಡುಗರಿಗೆ ಅವನ ಕೂಗು:
"ಶ್ಲೆಪ್ ಮಲ್ಪುಲೆ ಮಾರಾಯ್ರೆ, ಶ್ಲೆಪ್!"
ಶ್ರೀಕಾಕುಳಂನ ಖಲಾಸಿಯೂ ಈಗ ಹಾಗೇ ಹೇಳುತ್ತಾನೆ,
ತುಳು ಕಲಿತೆನೆಂದು ಬೀಗುತ್ತ.

ಮುನ್ನುಡಿಯನ್ನು ನಾನು ಕಡೆಗೆ ಓದುವವಳು.
ಆ ಬೀದಿಗಳಲ್ಲಿ ಈಗ ಆ ಮಾತು ಇಲ್ಲವಂತೆ,
ಆಡುತ್ತಿದ್ದವರನ್ನು ರೈಲಿಗೆ ತುಂಬಿ ಒಯ್ದರಂತೆ.
ಅಷ್ಟೇ. ಎರಡು ಸಾಲು.

ಕೋಟಿಗೆ ಒಂದೂವರೆ ಪುಟ, ಇದಕ್ಕೆ ಎರಡು ಸಾಲು.

ಹನ್ನೊಂದನೇ ಪುಟಕ್ಕೆ ಮರಳಿ ಹೋದೆ.
ಈರುಳ್ಳಿ ಇತ್ತು, ಸುಣ್ಣ ಇತ್ತು.
ಗುಂಡಿಗಳನ್ನು ಎಣಿಸಿ ಅಂಚಿನಲ್ಲಿ
ನಾಲ್ಕು ಗೀಟು ಹಾಕಿದೆ, ಮೇಲೊಂದು ಅಡ್ಡಗೀಟು.
ಹೊರಗೆ ಬೋಟು ಕಾಯುತ್ತಿತ್ತು.
ಹಮ್ಮಬ್ಬ ಕೂಗುತ್ತಿದ್ದ.